ಚರಂಡಿಗೂ ಒಂದು ಉದ್ದಛೇದ ಬೇಕು

ಇವರು: ರಸ್ತೆ ವಿನ್ಯಾಸದ ತಂತ್ರಾಂಶದಲ್ಲಿ ಪಕ್ಕದ ಚರಂಡಿಯೂ ಒಂದು ಸಮಸ್ಯೆ ಎಂದು ನೀವು ಹೇಳಿದರೆ ನಂಬುವುದು ಕಷ್ಟ. ಸಿವಿಲ್ 3ಡಿ ಇರಲಿ, ಓಪನ್‌ರೋಡ್ಸ್ ಇರಲಿ, ಕೆಲಸದ ಬಗೆ ಹೆಚ್ಚುಕಡಿಮೆ ಒಂದೇ. ನಡುಗೆರೆಗೆ ಒಂದು ಅಲೈನ್‌ಮೆಂಟ್, ಅದರ ಏರಿಳಿತಕ್ಕೆ ಒಂದು ಪ್ರೊಫೈಲ್, ಮೈಕಟ್ಟಿಗೆ ಒಂದು ಮಾದರಿ ಅಡ್ಡಛೇದ. ಆ ಅಡ್ಡಛೇದದಲ್ಲಿ ಡಾಂಬರು ಹಾಸು, ಶೋಲ್ಡರ್, ಅದರಾಚೆ ಚರಂಡಿ ಎಂದು ತುಂಡುತುಂಡಾಗಿ ಜೋಡಿಸಿ, ಆಳ ಇಷ್ಟು, ತಳದ ಅಗಲ ಇಷ್ಟು, ಬದಿಯ ಓರೆ ಇಷ್ಟು ಎಂದು ತುಂಬಿದರೆ ಹತ್ತಾರು ಕಿಲೋಮೀಟರ್ ಉದ್ದದ ಚರಂಡಿ ಒಂದೇ ಗುಂಡಿ ಒತ್ತುವಿಕೆಗೆ ಮೂಡಿ ನಿಲ್ಲುತ್ತದೆ. ನೆಲ ರಸ್ತೆಗಿಂತ ಎತ್ತರ ಇದ್ದಲ್ಲಿ ಕಡಿತ ಮತ್ತು ಚರಂಡಿ, ತಗ್ಗಿದ್ದಲ್ಲಿ ಬರೀ ಭರ್ತಿಯ ಇಳಿಜಾರು ಎಂಬ ತೀರ್ಮಾನವನ್ನೂ ಅದೇ ಮಾಡುತ್ತದೆ. ಅಗೆತದ ಘನಮೀಟರ್ ಲೆಕ್ಕವೂ ಜೊತೆಗೇ ಬರುತ್ತದೆ. ಇದರ ಮೇಲೆ ಇನ್ನೇನು ಬೇಕು?

ಅವರು: ಮೂಡಿ ನಿಲ್ಲುವುದು ಚರಂಡಿಯ ಆಕಾರ ಮಾತ್ರ, ಅದರಲ್ಲಿ ನೀರು ಹರಿಯುತ್ತದೆಯೇ ಎಂಬ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಆಳ 0.5 ಮೀಟರ್ ಎಂದು ತುಂಬಿದಿರಿ. ಎಲ್ಲಿಂದ 0.5 ಮೀಟರ್? ಶೋಲ್ಡರಿನ ಅಂಚಿನಿಂದ. ಅಂದರೆ ಚರಂಡಿಯ ತಳ ರಸ್ತೆಯದೇ ಪ್ರೊಫೈಲಿನ ನಕಲು, ಅರ್ಧ ಮೀಟರ್ ಕೆಳಗೆ ಎಳೆದದ್ದು, ಅಷ್ಟೆ. ಆದರೆ ರಸ್ತೆಯ ಪ್ರೊಫೈಲನ್ನು ನೀವು ಕೂರಿಸಿದ್ದು ವಾಹನಕ್ಕಾಗಿ: ವೇಗ ಎಷ್ಟು, ಎದುರಿನದು ಎಷ್ಟು ದೂರದಿಂದ ಕಾಣಬೇಕು, ಕಡಿದ ಮಣ್ಣು ಭರ್ತಿಗೆ ಸರಿಹೋಗುತ್ತದೆಯೇ. ಚಕ್ರಕ್ಕೆ ಇಳಿಯುವುದೂ ಏರುವುದೂ ಒಂದೇ. ನೀರಿಗೆ ಇಳಿಯುವುದೊಂದೇ ದಾರಿ. ಒಂದರ ಅನುಕೂಲಕ್ಕೆ ಎಳೆದ ಗೆರೆಯನ್ನು ಇನ್ನೊಂದಕ್ಕೆ ಹೊದಿಸಿದರೆ ಅದು ಹೊಂದುವ ಕಡೆ ಹೊಂದುವುದು ಅದೃಷ್ಟದಿಂದಲೇ ಹೊರತು ವಿನ್ಯಾಸದಿಂದಲ್ಲ. ನನ್ನ ವಾದ ಇಷ್ಟೇ: ಚರಂಡಿಯನ್ನು ರಸ್ತೆಯ ಅಡ್ಡಛೇದದ ಒಂದು ಅಂಗವಾಗಿ ಅಲ್ಲ, ಸ್ವಂತ ಅಲೈನ್‌ಮೆಂಟ್ ಮತ್ತು ಸ್ವಂತ ಪ್ರೊಫೈಲ್ ಇರುವ ಒಂದು ನೀರುದಾರಿಯಾಗಿ ಮಾದರಿಯೊಳಗೆ ಕಟ್ಟಬೇಕು, ಅದೂ ರಸ್ತೆಯ ಪ್ರೊಫೈಲ್ ಅಂತಿಮವಾಗುವ ಮೊದಲೇ.

ಇವರು: ಇದನ್ನು ಸಂಹಿತೆಯೇ ನೋಡಿಕೊಂಡಿದೆಯಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 73, ಕಡಿತದ ಭಾಗದಲ್ಲಿ ರಸ್ತೆಗೆ ಕನಿಷ್ಠ ಇಳಿಜಾರು ಇರಬೇಕು ಎನ್ನುತ್ತದೆ. ಚರಂಡಿಗೆ ಕಲ್ಲು ಅಥವಾ ಕಾಂಕ್ರೀಟ್ ಹೊದಿಕೆ ಇದ್ದರೆ ಶೇ. 0.5, ಬರಿಮಣ್ಣಿನದಾದರೆ ಶೇ. 1. ರಸ್ತೆಯನ್ನು ಹಾಗೆ ಕೂರಿಸಿದರೆ ನಕಲು ಮಾಡಿದ ಚರಂಡಿಯೂ ತಾನಾಗಿ ಹರಿಯುತ್ತದೆ.

ಅವರು: ಎರಡು ಕಡೆ ಹರಿಯುವುದಿಲ್ಲ, ಮತ್ತು ಆ ಎರಡೂ ಕಡೆ ಲೆಕ್ಕ ಕಠಿಣವೇನಲ್ಲ. ಮೊದಲನೆಯದು ತಗ್ಗಿನ ಲಂಬ ತಿರುವು. ಇಳಿಯುತ್ತಾ ಬಂದ ರಸ್ತೆ ಏರಲು ತೊಡಗುವಾಗ ಇಳಿಜಾರು ಸೊನ್ನೆಯನ್ನು ಹಾಯ್ದೇ ಹೋಗಬೇಕು. ಗಂಟೆಗೆ 80 ಕಿ.ಮೀ. ವೇಗಕ್ಕೆ ನಿಲುಗಡೆಯ ನೋಟದೂರ 120 ಮೀಟರ್ ಹಿಡಿದು, ರಾತ್ರಿ ಹೆಡ್‌ಲೈಟ್ ಬೆಳಕಿಗೆ ಸಾಲುವಂತೆ ತಿರುವು ಕೂರಿಸಿದರೆ, ಇಳಿಜಾರು ಶೇ. 1ರಷ್ಟು ಬದಲಾಗಲು ಸುಮಾರು 25 ಮೀಟರ್ ಬೇಕು. ಅಂದರೆ ಆಚೀಚೆ ಶೇ. 0.5ಕ್ಕಿಂತ ಕಡಿಮೆ ಇಳಿಜಾರಿನ ಪಟ್ಟಿ 25 ಮೀಟರ್ ಉದ್ದ. ವೇಗ 100ಕ್ಕೆ ಹೋದರೆ ಅದು 41 ಮೀಟರ್ ದಾಟುತ್ತದೆ. ರಸ್ತೆ ಎಷ್ಟು ನಯವಾದಷ್ಟೂ ಚರಂಡಿ ಅಷ್ಟೇ ಸಪಾಟು. ದಿಬ್ಬದ ನೆತ್ತಿಯಲ್ಲೂ ಇಂಥದೇ ಸಪಾಟು ಪಟ್ಟಿ ಇರುತ್ತದೆ, ಆದರೆ ಅಲ್ಲಿಗೆ ಬರುವ ನೀರೇ ಅಲ್ಪ, ಬಿಟ್ಟುಬಿಡೋಣ. ತಗ್ಗಿನಲ್ಲಿ ಎರಡೂ ಕಡೆಯ ನೀರು ಬಂದು ಸೇರುತ್ತದೆ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ತಗ್ಗು ಕಡಿತದೊಳಗೆ ಬಿದ್ದಿದ್ದರಂತೂ ಅದು ಚರಂಡಿಯಾಗಿ ಉಳಿಯದೆ ಹೊಂಡವಾಗುತ್ತದೆ.

ಎರಡನೆಯದು ಅಡ್ಡ ತಿರುವು. ಇದು ಹೆಚ್ಚು ಜನರ ಕಣ್ಣು ತಪ್ಪಿಸುತ್ತದೆ. 7 ಮೀಟರ್ ಅಗಲದ ರಸ್ತೆ ನೇರದಲ್ಲಿ ಎರಡೂ ಬದಿಗೆ ಶೇ. 2.5 ಓರೆ ಇದೆ ಎನ್ನಿ. ತಿರುವಿನಲ್ಲಿ ಶೇ. 7 ಸೂಪರ್ ಎಲಿವೇಷನ್ ಕೊಡಬೇಕು. ನಡುಗೆರೆಯ ಸುತ್ತ ತಿರುಗಿಸಿದರೆ ಹೊರ ಅಂಚು ಸುಮಾರು 33 ಸೆಂ.ಮೀ. ಮೇಲೇಳುತ್ತದೆ. ಬಯಲುಸೀಮೆಯಲ್ಲಿ ಈ ಏಳುವಿಕೆಗೆ ಸಂಹಿತೆ ಒಪ್ಪುವ ಗರಿಷ್ಠ ದರ 150ಕ್ಕೆ 1. ಹಾಗೆಂದರೆ 50 ಮೀಟರಿನಲ್ಲಿ ಶೇ. 0.67ರಷ್ಟು ಏರು, ರಸ್ತೆಯ ಸ್ವಂತ ಇಳಿಜಾರಿನ ಮೇಲೆ ಹೇರಿದ್ದು. ರಸ್ತೆ ತಿರುವಿನ ಕಡೆಗೆ ಶೇ. 0.5ರಂತೆ ಇಳಿಯುತ್ತಿದ್ದರೆ ಹೊರ ಅಂಚು ವಾಸ್ತವದಲ್ಲಿ ಶೇ. 0.17ರಂತೆ ಏರುತ್ತಿರುತ್ತದೆ, ಅದಕ್ಕೆ ಜೋತುಬಿದ್ದ ಚರಂಡಿಯ ತಳವೂ ಏರುತ್ತದೆ. ನಿಮ್ಮ ಸಂಹಿತೆಯ ಶೇ. 0.5 ನಡುಗೆರೆಯಲ್ಲಿ ಚೊಕ್ಕವಾಗಿದೆ. ಚರಂಡಿಯಲ್ಲಿ ನೀರು ಹಿಂದಕ್ಕೆ ನೋಡುತ್ತಿದೆ. 2.5 ಮೀಟರ್ ಶೋಲ್ಡರ್ ಕೂಡ ಹಾಸಿನ ಜೊತೆಗೇ ಓರೆಯಾದರೆ ಅದರ ಹೊರತುದಿ 57 ಸೆಂ.ಮೀ. ಮೇಲೇಳುತ್ತದೆ, ರಸ್ತೆಯ 25 ಸೆಂ.ಮೀ. ಇಳಿತವನ್ನು ಕಳೆದರೂ ಚರಂಡಿಯ ತಳಕ್ಕೆ 32 ಸೆಂ.ಮೀ. ಎತ್ತರದ ಒಡ್ಡು. ಅರ್ಧ ಮೀಟರ್ ಆಳದ ಚರಂಡಿಗೆ ಇದು ಸಣ್ಣ ದೋಷವಲ್ಲ. ಪರದೆಯ ಮೇಲೆ ಒಂದೊಂದೇ ಅಡ್ಡಛೇದ ತೆಗೆದು ನೋಡಿದರೆ ಇದು ಎಂದೂ ಕಾಣುವುದಿಲ್ಲ. ಪ್ರತಿ ಹಾಳೆಯಲ್ಲೂ ಆಳ ಸರಿಯಾಗಿ 0.5 ಮೀಟರ್ ಇರುತ್ತದೆ.

ಇವರು: ಒಪ್ಪುತ್ತೇನೆ, ಅಲ್ಲಲ್ಲಿ ನೀರು ನಿಲ್ಲಬಹುದು. ಆದರೆ ಹತ್ತು ಇಪ್ಪತ್ತು ಸೆಂಟಿಮೀಟರಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ? ಕಾಮಗಾರಿಯ ಸ್ಥಳದಲ್ಲಿ ಎಂಜಿನಿಯರ್ ಇರುತ್ತಾರೆ, ಜೆಸಿಬಿ ನಡೆಸುವವನಿಗೆ ಅನುಭವ ಇರುತ್ತದೆ. ನೀರಿನ ದಾರಿ ನೋಡಿ ಅವರೇ ತಿದ್ದಿಕೊಳ್ಳುತ್ತಾರೆ.

ಅವರು: ಶೇ. 0.3 ಇಳಿಜಾರೆಂದರೆ ಮೀಟರಿಗೆ 3 ಮಿಲಿಮೀಟರ್. ಅದನ್ನು ಕಣ್ಣಳತೆಯಲ್ಲಿ ಹಿಡಿಯುವವರು ಯಾರೂ ಇಲ್ಲ. ದಾರ ಕಟ್ಟಿ, ಲೆವೆಲ್ ಇಟ್ಟು ನೋಡಬೇಕು, ಮತ್ತು ಲೆವೆಲ್ ಇಡಲು ಎಷ್ಟಿರಬೇಕು ಎಂಬ ಅಂಕಿ ನಕ್ಷೆಯಲ್ಲಿ ಇರಬೇಕು. ಅದು ಇಲ್ಲದಿರುವುದೇ ನಮ್ಮ ಚರ್ಚೆ. ಈಗಂತೂ ದೊಡ್ಡ ಗುತ್ತಿಗೆಗಳಲ್ಲಿ ಯಂತ್ರದ ಬಕೆಟ್ಟಿಗೇ ಜಿಪಿಎಸ್ ಕಟ್ಟಿ, ಮಾದರಿಯ ಮೇಲ್ಮೈಯನ್ನು ನೇರವಾಗಿ ಅದಕ್ಕೆ ಉಣಿಸುವ ಪದ್ಧತಿ ಬರುತ್ತಿದೆ. ಹಿಂದೆ ಮಾದರಿಯ ತಪ್ಪನ್ನು ಮೇಸ್ತ್ರಿಯ ಅನುಭವ ಅಷ್ಟೋ ಇಷ್ಟೋ ಮುಚ್ಚುತ್ತಿತ್ತು. ಯಂತ್ರ ಮುಚ್ಚುವುದಿಲ್ಲ, ಸೆಂಟಿಮೀಟರ್ ನಿಖರತೆಯಿಂದ ಅದನ್ನೇ ನೆಲಕ್ಕೆ ಕೊರೆಯುತ್ತದೆ.

ಇನ್ನು ಸಣ್ಣ ಅಂತರ ಎನ್ನುವ ಮಾತು. ಇಳಿಜಾರು ಕಡಿಮೆಯಾದರೆ ನೀರು ನಿಲ್ಲುತ್ತದೆ ಅಷ್ಟೇ ಅಲ್ಲ, ಚರಂಡಿ ಹೊರಬಲ್ಲ ಪ್ರಮಾಣವೂ ಕುಗ್ಗುತ್ತದೆ. ಮ್ಯಾನಿಂಗ್ ಸೂತ್ರದಲ್ಲಿ ವೇಗ ಇಳಿಜಾರಿನ ವರ್ಗಮೂಲಕ್ಕೆ ತಕ್ಕಂತೆ ನಡೆಯುತ್ತದೆ. ತಳ 0.5 ಮೀಟರ್, ಆಳ 0.5 ಮೀಟರ್, ಬದಿಗಳು ಒಂದಕ್ಕೊಂದು ಓರೆ ಇರುವ ಮಣ್ಣಿನ ಚರಂಡಿ, ಒರಟುತನದ ಅಂಕಿ 0.025 ಎಂದಿಟ್ಟುಕೊಂಡರೆ, ಶೇ. 1 ಇಳಿಜಾರಿನಲ್ಲಿ ಅದು ಸೆಕೆಂಡಿಗೆ ಸುಮಾರು 0.82 ಘನಮೀಟರ್ ಸಾಗಿಸುತ್ತದೆ. ಇಳಿಜಾರು ಶೇ. 0.25ಕ್ಕೆ ಇಳಿದರೆ 0.41. ಶೇ. 0.1ಕ್ಕೆ ಇಳಿದರೆ 0.26. ಈಗ ಆ ಕಡೆಯಿಂದ ನೋಡಿ: 10 ಹೆಕ್ಟೇರ್ ಇಳಿಜಾರು ಹೊಲದ ಮೇಲೆ ಗಂಟೆಗೆ 60 ಮಿ.ಮೀ. ತೀವ್ರತೆಯ ಮಳೆ, ಅರ್ಧ ಇಂಗಿ ಅರ್ಧ ಹರಿದರೆ, ಸೆಕೆಂಡಿಗೆ 0.83 ಘನಮೀಟರ್ ಚರಂಡಿಗೆ ಬಂದು ಬೀಳುತ್ತದೆ. ಶೇ. 1ರಲ್ಲಿ ಅಂಚಿಗೆ ತುಂಬಿ ಹೇಗೋ ಹೊರುವ ಚರಂಡಿ ಶೇ. 0.25ರಲ್ಲಿ ಅರ್ಧ ನೀರನ್ನು ರಸ್ತೆಗೆ ಬಿಡುತ್ತದೆ. ಅಡ್ಡಛೇದ ಎರಡೂ ಕಡೆ ಒಂದೇ ಆಗಿತ್ತು ಎಂಬುದನ್ನು ಗಮನಿಸಿ. ಅಡ್ಡಛೇದದಿಂದ ಮಾತ್ರ ಚರಂಡಿಯ ಸಾಮರ್ಥ್ಯ ಹೇಳಲು ಬರುವುದಿಲ್ಲ, ಆದರೂ ನಮ್ಮ ನಕ್ಷೆಗಳಲ್ಲಿ ಅದಷ್ಟೇ ಇರುತ್ತದೆ.

ಇವರು: ಸರಿ, ಮಾದರಿಯಲ್ಲಿ ಇದನ್ನು ಮಾಡುವುದಾದರೂ ಹೇಗೆ? ಚರಂಡಿಯ ತಳಕ್ಕೆ ಪ್ರತ್ಯೇಕ ಪ್ರೊಫೈಲ್ ಎಳೆದು ಕಾರಿಡಾರಿಗೆ, ಅಂದರೆ ಅಲೈನ್‌ಮೆಂಟ್, ಪ್ರೊಫೈಲ್, ಅಡ್ಡಛೇದ ಸೇರಿ ಮೂಡುವ ರಸ್ತೆಯ ಮಾದರಿಗೆ, ಅನುಸರಿಸಬೇಕಾದ ಟಾರ್ಗೆಟ್ ಆಗಿ ಕೊಡಬಹುದು ಎಂಬುದು ನನಗೂ ಗೊತ್ತು. ಆದರೆ ಅಲ್ಲೊಂದು ಸುತ್ತುಬಳಸು ಇದೆ. ಚರಂಡಿ ಎಲ್ಲಿ ಹೋಗುತ್ತದೆ ಎಂಬುದು ಅದರ ಆಳದ ಮೇಲೆ ನಿಂತಿದೆ: 1:2 ಓರೆಯಲ್ಲಿ ಅರ್ಧ ಮೀಟರ್ ಹೆಚ್ಚು ಆಳ ಹೋದರೆ ತಳ ಒಂದು ಮೀಟರ್ ಆಚೆ ಸರಿಯುತ್ತದೆ. ಆಚೆ ಸರಿದರೆ ನೆಲದ ಮಟ್ಟ ಬದಲಾಗುತ್ತದೆ, ಅಲೈನ್‌ಮೆಂಟೂ ಬದಲಾಗುತ್ತದೆ. ಕಾರಿಡಾರಿನದೇ ಗೆರೆಯನ್ನು ಕಾರಿಡಾರಿಗೇ ಟಾರ್ಗೆಟ್ ಮಾಡಿದರೆ ತಂತ್ರಾಂಶ ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಹೋಗುತ್ತದೆ.

ಅವರು: ಅದಕ್ಕೇ ಎರಡು ಸುತ್ತಿನಲ್ಲಿ ಮಾಡಬೇಕು. ಮೊದಲ ಸುತ್ತಿನಲ್ಲಿ ನಿಮ್ಮ ಮಾಮೂಲಿ 0.5 ಮೀಟರ್ ಚರಂಡಿಯನ್ನೇ ಓಡಿಸಿ. ಅದರ ತಳದ ಗೆರೆಯನ್ನು ಕಾರಿಡಾರಿನಿಂದ ಬಿಡಿಸಿ ತೆಗೆದು, ಕಾರಿಡಾರಿಗೆ ನಂಟಿಲ್ಲದ ಸ್ವತಂತ್ರ ಅಲೈನ್‌ಮೆಂಟ್ ಮಾಡಿ, ಅದರ ಉದ್ದಛೇದ ನೋಡಿ. ಎಷ್ಟೋ ಯೋಜನೆಗಳಿಗೆ ಇದೊಂದೇ ಹೆಜ್ಜೆ ಕಣ್ಣು ತೆರೆಸುತ್ತದೆ; ಹಿಮ್ಮುಖ ಇಳಿಜಾರು, ಹೊಂಡ, ಒಡ್ಡು ಎಲ್ಲ ಒಂದೇ ಗೆರೆಯಲ್ಲಿ ಬರೆದಿಟ್ಟಂತೆ ಕಾಣುತ್ತವೆ. ಬಳಿಕ ಆ ಉದ್ದಛೇದದ ಮೇಲೆ ಮೋರಿಗಳ ತಳಮಟ್ಟವನ್ನು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ, ನೀರಿಗೆ ಎದುರಾಗಿ, ಚರಂಡಿಯ ಪ್ರೊಫೈಲ್ ಎಳೆಯಿರಿ. ಎರಡನೇ ಸುತ್ತಿನಲ್ಲಿ ಈ ಪ್ರೊಫೈಲನ್ನು ಎತ್ತರದ ಟಾರ್ಗೆಟ್ ಮಾತ್ರ ಮಾಡಿ, ಅಗಲವನ್ನು ತೇಲಲು ಬಿಡಿ. ಓರೆ ಸ್ಥಿರವಾಗಿರುತ್ತದೆ, ತಳ ಬೇಕಾದಷ್ಟು ಆಚೆ ಹೋಗುತ್ತದೆ. ಜಾಗ ಇಕ್ಕಟ್ಟಾಗಿದ್ದಲ್ಲಿ ಮಾತ್ರ ಉಲ್ಟಾ: ಅಗಲ ಬಿಗಿ, ಓರೆ ಸಡಿಲ. ಆಗ ಓರೆ ಎಷ್ಟು ಕಡಿದಾಯಿತು ಎಂದು ಒಂದು ಕಣ್ಣಿಟ್ಟಿರಬೇಕು. ಇನ್ನೊಂದು ಎಚ್ಚರ: ಕಾರಿಡಾರ್ ನೆಲವನ್ನು ಅಖಂಡವಾಗಿ ನೋಡುವುದಿಲ್ಲ, 20 ಅಥವಾ 25 ಮೀಟರಿಗೊಮ್ಮೆ ಕತ್ತರಿಸಿ ನೋಡುತ್ತದೆ. ಎರಡು ಕತ್ತರಿಯ ನಡುವೆ ಮೋರಿ ಬಿದ್ದರೆ ಚರಂಡಿ ಅದನ್ನು ಕಾಣದೆ ಹಾರಿಹೋಗುತ್ತದೆ. ಪ್ರತಿ ಮೋರಿಯ ಸರಪಳಿ ಅಂಕಿಯಲ್ಲೂ, ಚರಂಡಿಯ ಪ್ರೊಫೈಲ್ ಮುರಿಯುವ ಪ್ರತಿ ಬಿಂದುವಿನಲ್ಲೂ ಒಂದು ಹೆಚ್ಚುವರಿ ಛೇದ ಸೇರಿಸಬೇಕು. ಕೊನೆಗೆ ಸಿದ್ಧವಾದ ಮೇಲ್ಮೈ ಮೇಲೆ ಒಂದು ಹನಿ ನೀರು ಬಿಟ್ಟು ಅದು ಎಲ್ಲಿಗೆ ಹೋಗುತ್ತದೆ ಎಂದು ಗೆರೆ ಎಳೆದು ತೋರಿಸುವ ಸೌಲಭ್ಯ ಸಿವಿಲ್ 3ಡಿಯಲ್ಲೇ ಇದೆ. ಅದನ್ನು ಬಳಸಿ.

ಇವರು: ನೀವು ಹೇಳುವ ಇಳಿಜಾರು ಮಲೆನಾಡಿನಲ್ಲಿ ಸಿಗಬಹುದು. ರಾಯಚೂರು, ಸಿಂಧನೂರು ಕಡೆಯ ಎರೆಭೂಮಿಯಲ್ಲಿ ನೆಲವೇ ಚಾಪೆ ಹಾಸಿದಂತಿದೆ. ಅಲ್ಲಿ ಚರಂಡಿಗೆ ಸ್ವಂತ ಪ್ರೊಫೈಲ್ ಕೊಟ್ಟು ಮಾಡುವುದೇನು?

ಅವರು: ಅಲ್ಲೇ ಅದರ ಅಗತ್ಯ ಹೆಚ್ಚು. ಸಪಾಟು ನೆಲದಲ್ಲಿ ಶೇ. 0.3 ಕೊಟ್ಟು ಒಂದು ಕಿಲೋಮೀಟರ್ ನಡೆದರೆ ಚರಂಡಿ 3 ಮೀಟರ್ ಕೆಳಗಿಳಿಯುತ್ತದೆ. ಅರ್ಧ ಮೀಟರಿನಿಂದ ಶುರುವಾದದ್ದು ಮೂರೂವರೆ ಮೀಟರ್ ಕಂದಕವಾಗುತ್ತದೆ. ಅದು ಆಗದ ಮಾತು. ಹಾಗಾದರೆ 200 ಮೀಟರಿಗೊಮ್ಮೆ 60 ಸೆಂ.ಮೀ. ಇಳಿದು ಒಂದು ಮೋರಿಗೋ ಹಳ್ಳಕ್ಕೋ ನೀರು ಬಿಟ್ಟು, ಮತ್ತೆ ಮೇಲಿನಿಂದ ಶುರುಮಾಡಬೇಕು. ಗರಗಸದ ಹಲ್ಲಿನಂಥ ಪ್ರೊಫೈಲ್. ಅದಕ್ಕೆ ಮೋರಿಗಳ ಸಂಖ್ಯೆ ಹೆಚ್ಚಬೇಕು, ಅಥವಾ ರಸ್ತೆಯನ್ನೇ ಇನ್ನಷ್ಟು ಏರಿಸಬೇಕು, ಅಥವಾ ಕಡಿಮೆ ಇಳಿಜಾರನ್ನು ಒಪ್ಪಿಕೊಂಡು ಚರಂಡಿಯನ್ನು ಅಗಲಿಸಬೇಕು. ಮೂರಕ್ಕೂ ದುಡ್ಡು ಬೇಕು. ಮೂರರಲ್ಲಿ ಯಾವುದು ಅಗ್ಗ ಎಂಬ ಪ್ರಶ್ನೆ ಹುಟ್ಟುವುದೇ ಚರಂಡಿಗೊಂದು ಉದ್ದಛೇದ ಬರೆದಾಗ. ಬರೆಯದಿದ್ದರೆ ಅಂದಾಜುಪಟ್ಟಿಯಲ್ಲಿ ಮೋರಿ ಕಡಿಮೆ, ರಸ್ತೆ ಅಗ್ಗ. ನೀರು ಎರೆಮಣ್ಣಿನ ಪಕ್ಕದಲ್ಲಿ ನಿಂತು, ಮಣ್ಣು ಉಬ್ಬಿ ಕುಗ್ಗಿ, ಹಾಸಿನ ಅಂಚು ಉದ್ದಕ್ಕೆ ಸೀಳಿದಾಗ ಆ ಉಳಿತಾಯ ಬಡ್ಡಿಸಮೇತ ವಾಪಸ್ ಬರುತ್ತದೆ. ತುಂಗಭದ್ರಾ ಎಡದಂಡೆಯ ನೀರಾವರಿ ಪ್ರದೇಶದಲ್ಲಿ ಇನ್ನೂ ಒಂದು ತೊಡಕಿದೆ: ರಸ್ತೆಯ ಪಕ್ಕದ ಗದ್ದೆಯೇ ಚರಂಡಿಗಿಂತ ಎತ್ತರ, ವಿತರಣಾ ಕಾಲುವೆ ಅದಕ್ಕಿಂತ ಎತ್ತರ. ಅಲ್ಲಿ ಚರಂಡಿಯ ಬಾಯಿ ಎಲ್ಲಿ ತೆರೆಯುತ್ತದೆ ಎಂದು ಮೊದಲು ಗೊತ್ತುಮಾಡದೆ ಉಳಿದದ್ದನ್ನು ಬರೆಯುವುದರಲ್ಲಿ ಅರ್ಥವಿಲ್ಲ.

ಈ ಬಾಯಿಯ ವಿಚಾರ ನಮ್ಮ ಹಳೆ ಮೈಸೂರು ಸೀಮೆಗೂ ಬಹಳ ಸಲ್ಲುತ್ತದೆ, ತಂತ್ರಾಂಶದ ಕೈಪಿಡಿಗಳು ಅದನ್ನು ಹೇಳುವುದಿಲ್ಲ. ಕೋಲಾರ, ತುಮಕೂರು, ಹಾಸನದ ನೆಲ ಕೆರೆಗಳ ಸರಪಳಿ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹೋಗುವಂತೆ ಸಣ್ಣ ಸಣ್ಣ ಹಳ್ಳ, ಕಾಲುವೆಗಳು ನೆಲದ ಮೇಲೆ ಕೂತಿವೆ. ಇಳಿಜಾರಿಗೆ ಅಡ್ಡಲಾಗಿ ಹೋಗುವ ರಸ್ತೆಯ ಚರಂಡಿ ಮೇಲಿನಿಂದ ಬರುವ ನಾಲ್ಕಾರು ಹಳ್ಳಗಳ ನೀರನ್ನು ತಡೆದು, ಪಕ್ಕಕ್ಕೆ ಓಡಿಸಿ, ಒಂದೇ ಮೋರಿಯಲ್ಲಿ ಆಚೆ ಬಿಡುತ್ತದೆ. ಆ ಮೋರಿಯ ಕೆಳಗಿನ ಹೊಲ ಕೊಚ್ಚುತ್ತದೆ, ಉಳಿದ ಹಳ್ಳಗಳ ಕೆಳಗಿದ್ದ ಕೆರೆಗೆ ನೀರು ಬರುವುದು ನಿಲ್ಲುತ್ತದೆ. ಮಳೆ ಕಡಿಮೆಯಾಯಿತು ಎಂದು ಊರು ಅಂದುಕೊಳ್ಳುತ್ತದೆ. ಚರಂಡಿಯನ್ನು ರಸ್ತೆಯ ಅಲಂಕಾರವಾಗಿ ಮಾದರಿ ಮಾಡಿದಾಗ ಈ ತಿರುವು ಯಾರಿಗೂ ಕಾಣುವುದಿಲ್ಲ. ನೀರುದಾರಿಯಾಗಿ ಮಾಡಿದಾಗ ಪ್ರತಿ ತುಂಡಿಗೂ ಎಷ್ಟು ಜಲಾನಯನ ಸೇರುತ್ತದೆ ಎಂದು ಬರೆಯಲೇಬೇಕಾಗುತ್ತದೆ, ಒಂದು ಕೆರೆಯದು ಇನ್ನೊಂದಕ್ಕೆ ಹೋಗುತ್ತಿರುವುದು ಕಣ್ಣಿಗೆ ಬೀಳುತ್ತದೆ.

ಇವರು: ಇಷ್ಟೆಲ್ಲ ಪಾಡಿಗಿಂತ ಉದ್ದಕ್ಕೂ ಕಾಂಕ್ರೀಟ್ ಚರಂಡಿ ಹಾಕಿಬಿಟ್ಟರೆ?

ಅವರು: ಕಾಂಕ್ರೀಟ್ ಒರಟುತನವನ್ನು ಕಡಿಮೆ ಮಾಡುತ್ತದೆ, 0.025 ಇದ್ದದ್ದು 0.015ರ ಆಸುಪಾಸಿಗೆ ಬಂದರೆ ಹರಿವು ಒಂದೂಮುಕ್ಕಾಲು ಪಟ್ಟು ಸಮೀಪ ಹೋಗುತ್ತದೆ, ನಿಜ. ಇಳಿಜಾರನ್ನು ಅದು ಹುಟ್ಟಿಸುವುದಿಲ್ಲ. ಹಿಮ್ಮುಖ ಇಳಿಜಾರಿನ ಮೇಲೆ ಕಾಂಕ್ರೀಟ್ ಹಾಕಿದರೆ ಹೊಂಡಕ್ಕೆ ಗಟ್ಟಿ ತಳ ಸಿಕ್ಕಿತು, ಮೊದಲು ಅಷ್ಟಿಷ್ಟು ಇಂಗುತ್ತಿದ್ದುದೂ ತಪ್ಪಿತು. ಹೊದಿಕೆಗೆ ಅದರದೇ ಜಾಗವಿದೆ, ಅದು ಘಾಟಿ. ಅಲ್ಲಿ ಸಮಸ್ಯೆ ತಿರುಗಾಮುರುಗಾ: ರಸ್ತೆಯೇ ಶೇ. 5 ಇಳಿಯುತ್ತಿರುವಾಗ ಮೇಲೆ ಹೇಳಿದ ಅದೇ ಚರಂಡಿ ತುಂಬಿ ಹರಿದರೆ ವೇಗ ಸೆಕೆಂಡಿಗೆ 3.6 ಮೀಟರ್ ದಾಟುತ್ತದೆ. ಬರಿಮಣ್ಣು ಅದರ ಅರ್ಧವನ್ನೂ ತಾಳುವುದಿಲ್ಲ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯಂಥ ಕಡೆ ಆ ಚರಂಡಿ ತಳ ಕೊರೆದುಕೊಂಡು, ಕಡಿತದ ಬುಡ ಸಡಿಲಿಸಿ, ಗುಡ್ಡವನ್ನೇ ರಸ್ತೆಗೆ ಕರೆಯುತ್ತದೆ. ಅಲ್ಲಿ ಬೇಕಾದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತಳ, ಹತ್ತಿರ ಹತ್ತಿರ ಮೋರಿ, ಕಡಿತದ ನೆತ್ತಿಯ ಮೇಲೆ ನೀರು ತಡೆಯುವ ಇನ್ನೊಂದು ಕಾಲುವೆ. ಆ ಮೇಲಿನ ಕಾಲುವೆ ರಸ್ತೆಯ ಅಡ್ಡಛೇದದೊಳಗೆ ಹಿಡಿಯುವುದೇ ಇಲ್ಲ. ಅದು ಗುಡ್ಡದ ಸಮಪಾತಳಿ ಹಿಡಿದು ನಡೆಯುತ್ತದೆ. ಬಯಲಿನಲ್ಲೂ ಘಾಟಿಯಲ್ಲೂ, ಕಾರಣ ವಿರುದ್ಧವಾದರೂ, ಚರಂಡಿಗೆ ಬೇಕಾದ ಪ್ರೊಫೈಲ್ ರಸ್ತೆಯದಲ್ಲ.

ಇವರು: ಜಾಗದ ಮಾತಿಗೆ ಬನ್ನಿ. ಚರಂಡಿ ಆಳವಾದರೆ ಅಗಲವೂ ಹೆಚ್ಚುತ್ತದೆ, ರಸ್ತೆಗೆಂದು ಪಡೆದ ಭೂಮಿಯ ಗಡಿ ದಾಟುತ್ತದೆ. ಆಳದ ಚರಂಡಿ ವಾಹನಕ್ಕೂ ಅಪಾಯ. ದಾರಿ ತಪ್ಪಿದ ಕಾರು ಹತೋಟಿಗೆ ಬರಬೇಕಾದರೆ ಬದಿಯ ಓರೆ 1:4ಕ್ಕಿಂತ ಕಡಿದಾಗಿರಬಾರದು ಎಂಬುದು ಒಪ್ಪಿತ ಲೆಕ್ಕ. ಇವೆಲ್ಲ ಸೇರಿದರೆ ನಿಮ್ಮ ಸ್ವತಂತ್ರ ಚರಂಡಿ ಕಾಗದದಲ್ಲೇ ಉಳಿಯುತ್ತದೆ.

ಅವರು: ಎರಡೂ ನಿಜವಾದ ಆಕ್ಷೇಪಗಳು, ಇವಕ್ಕೆ ತಂತ್ರಾಂಶದಲ್ಲಿ ಉತ್ತರವಿಲ್ಲ. ಭೂಮಿ ಸಾಲದಿದ್ದರೆ ಆಳ ಕಡಿಮೆ ಮಾಡಿ ಮೋರಿ ಹೆಚ್ಚಿಸಬೇಕು, ಅಥವಾ ಆ ತುಂಡಿಗೆ ಮಾತ್ರ ಮುಚ್ಚಿದ ಕಾಂಕ್ರೀಟ್ ಚರಂಡಿ ಹಾಕಬೇಕು, ಅಥವಾ ತಡೆಬೇಲಿ. ಆದರೆ ಗಡಿ ದಾಟುತ್ತದೆ ಎಂಬುದು ಯಾವಾಗ ಗೊತ್ತಾಗಬೇಕು? ಭೂಸ್ವಾಧೀನದ ನೋಟಿಸ್ ಹೊರಡುವ ಮೊದಲು. ಮಾದರಿಯಲ್ಲಿ ಸರಿಯಾದ ಚರಂಡಿ ಇದ್ದರೆ ಅದು ನೆಲವನ್ನು ಮುಟ್ಟುವ ಗೆರೆ ಗಡಿ ದಾಟಿದ ಜಾಗವೆಲ್ಲ ಆಗಲೇ ಕೆಂಪಾಗಿ ಕಾಣುತ್ತದೆ. 0.5 ಮೀಟರಿನ ಸುಳ್ಳು ಚರಂಡಿ ಎಲ್ಲೂ ಗಡಿ ದಾಟುವುದಿಲ್ಲ, ಹಾಗಾಗಿ ಸ್ವಾಧೀನಪಡಿಸಿಕೊಂಡ ಭೂಮಿಯೂ ಸುಳ್ಳು ಲೆಕ್ಕದ್ದು. ಕಾಮಗಾರಿ ನಡೆಯುವಾಗ ಮತ್ತೆ ರೈತರ ಮುಂದೆ ಹೋಗಿ ನಿಲ್ಲುವುದು ಯಾರಿಗೂ ಸುಲಭವಲ್ಲ. ಹೊಲದ ದಾರಿಯದೂ ಇದೇ ಕಥೆ: ಟ್ರ್ಯಾಕ್ಟರ್ ಇಳಿಸಲು ದಾರಿ ಬಿಟ್ಟಿಲ್ಲವಾದರೆ ರೈತ ಚರಂಡಿಗೆ ಮಣ್ಣು ಸುರಿದು ದಾರಿ ಮಾಡಿಕೊಳ್ಳುತ್ತಾನೆ, ಮಾಡಿಕೊಳ್ಳಲೇಬೇಕು. ಪ್ರತಿ ದಾರಿಯಡಿಯ ಕೊಳವೆಯ ತಳಮಟ್ಟವನ್ನು ಚರಂಡಿಯ ಉದ್ದಛೇದದಲ್ಲಿ ಮೊದಲೇ ತೋರಿಸಿದ್ದರೆ ಆ ತಡೆ ಹುಟ್ಟುತ್ತಿರಲಿಲ್ಲ.

ಇವರು: ಕೊನೆಯದಾಗಿ ಒಂದು. ಯೋಜನಾ ವರದಿಗೆ ಸಿಗುವ ಹಣ, ಕೊಡುವ ದಿನಗಳು ನಿಮಗೆ ಗೊತ್ತಿರುವುದೇ. ಸರ್ವೆಯಲ್ಲೇ ನೆಲದ ಮಟ್ಟ ಸರಿಯಾಗಿ ಬಂದಿರುವುದಿಲ್ಲ. ಅಂಥ ಸರ್ವೆಯ ಮೇಲೆ ಮಿಲಿಮೀಟರ್ ಲೆಕ್ಕದ ಚರಂಡಿ ಕಟ್ಟುವುದು ಹಾಸ್ಯವಾಗುವುದಿಲ್ಲವೇ?

ಅವರು: ಸರ್ವೆ ಸರಿಯಿಲ್ಲ ಎಂಬುದು ಚರಂಡಿ ಬಿಡಲು ಕಾರಣವಾಗಲಾರದು, ಸರ್ವೆಯನ್ನು ಎಲ್ಲಿ ತಿದ್ದಬೇಕು ಎಂದು ಹೇಳುವ ಸೂಚನೆ ಅದು. ಇಡೀ ಪಟ್ಟಿಯನ್ನು ಮತ್ತೆ ಅಳೆಯಬೇಕಾಗಿಲ್ಲ. ಹಳ್ಳಗಳ ತಳ, ಈಗಿರುವ ಮೋರಿಗಳ ತಳ, ಕೆರೆಯ ಕೋಡಿಯ ಮಟ್ಟ, ರಸ್ತೆಯ ಆಚೆ ನೂರಿನ್ನೂರು ಮೀಟರ್ ವರೆಗೆ ನೀರು ಹೋಗುವ ದಾರಿ. ಇಷ್ಟನ್ನು ಲೆವೆಲ್ ಇಟ್ಟು ತಂದರೆ ಸಾಕು, ಚರಂಡಿಯ ಪ್ರೊಫೈಲಿಗೆ ಆಧಾರ ಸಿಗುತ್ತದೆ. ಹೆಚ್ಚುವರಿ ಕೆಲಸ ಇದೆ, ಇಲ್ಲ ಎನ್ನುವುದಿಲ್ಲ. ಒಂದು ಪ್ರೊಫೈಲ್ ಇದ್ದಲ್ಲಿ ಮೂರು ಆಗುತ್ತವೆ, ಒಮ್ಮೆ ಓಡುತ್ತಿದ್ದ ಕಾರಿಡಾರ್ ಎರಡು ಮೂರು ಸಲ ಓಡಬೇಕು. ಆ ಕೆಲಸಕ್ಕೆ ಹಣ ಕೇಳಿ ಪಡೆಯಬೇಕು, ಕದ್ದು ಉಳಿಸಬಾರದು. ಐಆರ್‌ಸಿಯೇ ರಸ್ತೆಯ ನೀರು ಹೊರಹರಿವಿಗೆಂದು ಎಸ್‌ಪಿ 42 ಎಂಬ ಪ್ರತ್ಯೇಕ ಮಾರ್ಗಸೂಚಿಯನ್ನು 1994ರಲ್ಲೇ ಹೊರತಂದು 2014ರಲ್ಲಿ ಪರಿಷ್ಕರಿಸಿದೆ. ಅದು ಅಗತ್ಯವಲ್ಲ ಎಂದು ವಾದಿಸುವ ದಾರಿ ಈಗ ಮುಚ್ಚಿದೆ. ವಿನ್ಯಾಸಕರು ತಾವಾಗಿ ಮಾಡುತ್ತಾರೆ ಎಂಬ ಭರವಸೆ ನನಗೂ ಕಡಿಮೆ, ಕೇಳುವವರಿದ್ದರೆ ಮಾಡುತ್ತಾರೆ. ಆದ್ದರಿಂದ ನಕ್ಷೆ ಪರಿಶೀಲಿಸುವ ಎಂಜಿನಿಯರುಗಳಲ್ಲಿ ಒಂದೇ ಕೋರಿಕೆ: ಉದ್ದಛೇದದ ಹಾಳೆಯಲ್ಲಿ ಎಡ ಚರಂಡಿಯ ತಳಮಟ್ಟ, ಬಲ ಚರಂಡಿಯ ತಳಮಟ್ಟ ಎಂಬ ಎರಡು ಸಾಲು ಕೇಳಿ. ಅವೆರಡು ಇಲ್ಲದ ಹಾಳೆಗೆ ಸಹಿ ಹಾಕಬೇಡಿ.